ಅಟ್ಟದಲ್ಲಿ ಸಿಕ್ಕ ಚರ್ಮದ ತೋಟಾಪಟ್ಟಿ: ಕಾಲ ಮತ್ತು ಬೆಲೆ

ಪ್ರಶ್ನೆ (ಶಿರಸಿ): ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಹೆಗಲಿಗೆ ಅಡ್ಡವಾಗಿ ಧರಿಸುವ, ಗುಂಡುಗಳನ್ನಿಡುವ ಐದು ಚೀಲಗಳಿರುವ ಕಂದು ಚರ್ಮದ ತೋಟಾಪಟ್ಟಿಯೊಂದು ಸಿಕ್ಕಿದೆ, ಒಳಬದಿಯಲ್ಲಿ ಬಾಣದ ಗುರುತೂ ಅದರ ಕೆಳಗೆ ‘ಐ’ ಅಕ್ಷರವೂ ಇವೆ. ಇದು ಯಾವ ಕಾಲದ್ದು, ಬೆಲೆ ಹೇಗೆ ನಿರ್ಧಾರವಾಗುತ್ತದೆ?

ಉತ್ತರ (ಕಾರವಾರ): ತಮ್ಮ ವಿವರಣೆ ಬ್ರಿಟಿಷ್ ಸೇನೆಯ 1903ರ ಮಾದರಿಗೆ ಹೊಂದುತ್ತದೆ. ಚೀಲವೊಂದರಲ್ಲಿ ಐದೈದು ಗುಂಡುಗಳ ಎರಡು ಕ್ಲಿಪ್‌ಗಳಂತೆ ಒಟ್ಟು 50 ಗುಂಡುಗಳು ಹಿಡಿಸುತ್ತಿದ್ದವು. ಕುದುರೆ ಸವಾರರ ಪಟ್ಟಿಗೆ ಒಂಬತ್ತು ಚೀಲಗಳಿದ್ದವು. ಬಾಣದೊಡನೆ ‘ಐ’ ಇದ್ದರೆ ಅದು ಬ್ರಿಟಿಷ್ ಭಾರತದ ಸರ್ಕಾರಿ ಸ್ವತ್ತು. ಮಾದರಿಯ ವರ್ಷವನ್ನೇ ತಯಾರಿಕೆಯ ವರ್ಷವೆಂದು ತಿಳಿಯಬೇಡಿ.

ಉತ್ತರ (ಕುಮಟಾ): ಮುದ್ರೆಯ ಸ್ಪಷ್ಟತೆ, ಮೂಲ ಹೊಲಿಗೆ, ಚರ್ಮದ ಸ್ಥಿತಿ ಇವುಗಳ ಮೇಲೆ ಬೆಲೆ ನಿಲ್ಲುತ್ತದೆ. ಮಳೆಗಾಲದ ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಪಟ್ಟಿಯ ಹಿತ್ತಾಳೆ ಭಾಗಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿದರೆ (ನಮ್ಮವರಿಗೆ ಆ ಉತ್ಸಾಹ ಹೆಚ್ಚು) ಸಂಗ್ರಾಹಕರು ಹಿಂಜರಿಯುತ್ತಾರೆ. ಚೀಲದಲ್ಲಿ ಜೀವಂತ ಗುಂಡು ಉಳಿದಿದ್ದರೆ ಮುಟ್ಟದೆ ಪೊಲೀಸ್ ಠಾಣೆಗೆ ತಿಳಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದಕ್ಕೆ ಪರವಾನಗಿ ಬೇಕು.