‘ಟ್ರಾಮಾ ಥೆರಪಿ’ಗೆ ಕನ್ನಡದಲ್ಲಿ ಏನನ್ನೋಣ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕೌನ್ಸೆಲಿಂಗ್ ಕೇಂದ್ರಕ್ಕೆ ಕನ್ನಡ ಕರಪತ್ರ ಬರೆದುಕೊಡುತ್ತಿದ್ದೇನೆ. ಮಲಯಾಳದ್ದು ಆಗಲೇ ಉಂಟು. ಅಪಘಾತ, ದೌರ್ಜನ್ಯ ಕಂಡವರಿಗೆ ಕೊಡುವ ಟ್ರಾಮಾ ಥೆರಪಿಯ ಬಗ್ಗೆ.

‘ಆಘಾತ’ ಅಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಹೃದಯಾಘಾತ, ಆಮೇಲೆ ಪಕ್ಷಾಘಾತ. ‘ಮಾನಸಿಕ ಆಘಾತ’ ಎಂದು ಬರೆಯಬಹುದು. ಆದರೆ ಮೈಯ ಪಾಲು ಬಿಟ್ಟುಹೋಗುತ್ತದೆ, ಅಲ್ವಾ? ಬೈಕಿನಿಂದ ಬಿದ್ದವರನ್ನೇ ನೋಡಿ. ಗಾಯ ಮಾಗಿ ತಿಂಗಳುಗಳಾದ ಮೇಲೂ ಲಾರಿಯ ಹಾರ್ನ್ ಕೇಳಿದರೆ ಎದೆ ಢವಢವ, ಅಂಗೈ ಒದ್ದೆ, ರಸ್ತೆ ದಾಟಲು ಕಾಲೇ ಏಳುವುದಿಲ್ಲ. ಅಪಾಯ ಮುಗಿದಿದೆ ಅಂತ ತಲೆಗೆ ಗೊತ್ತು, ನರಮಂಡಲ ಒಪ್ಪುವುದಿಲ್ಲ. ‘ಹೆದರಿಕೆ ಹೊಕ್ಕಿದೆ’ ಅಂದರೆ ಅಜ್ಜಿಯಂದಿರಿಗೂ ಅರ್ಥವಾಗುತ್ತದೆ. ತುಳುವಿನ ಪೋಡಿಗೆ, ಮಲಯಾಳದ ಪೇಡಿ ಕೂಡ ಇದೇ. ಆದರೆ ಕೆಲವರಿಗೆ ಹೆದರಿಕೆ ಇರುವುದೇ ಇಲ್ಲ. ಮೈ ಮರಗಟ್ಟಿದ ಹಾಗೆ, ಯಾವುದೂ ತಟ್ಟುವುದಿಲ್ಲ. ಅವರನ್ನು ಎಲ್ಲಿ ಸೇರಿಸುವುದು?

ಜಾಸ್ತಿ ತೊಂದರೆ ಕೊಡುತ್ತಿರುವುದು ದೇಹದ ಮೂಲಕ ಮಾಡುವ ಭಾಗ. ‘ದೈಹಿಕ ಚಿಕಿತ್ಸೆ’ ಅಂತ ಹಾಕಿದರೆ ಕಾಸರಗೋಡಿನವರು ಫಿಸಿಯೋಥೆರಪಿ ಅಂದುಕೊಳ್ಳುತ್ತಾರೆ, ಇಲ್ಲವೇ ಎಣ್ಣೆ ಹಚ್ಚಿ ಮಾಡುವ ಉಳಿಚ್ಚಿಲ್. (ಲುಂಗಿ ತರಬೇಕಾ ಅಂತ ಫೋನ್ ಬಂದೀತು.) ನಿಜಕ್ಕೂ ನಡೆಯುವುದು ಬೇರೆ. ಪಾದ ನೆಲಕ್ಕೆ ಒತ್ತಿ ಕೂರಿಸುತ್ತಾರೆ. ಉಸಿರನ್ನು ನಿಧಾನಕ್ಕೆ, ಎಳೆದದ್ದಕ್ಕಿಂತ ಉದ್ದವಾಗಿ ಬಿಡಿಸುತ್ತಾರೆ. ಭುಜ ಬಿಗಿದಿದೆಯಾ, ಹೊಟ್ಟೆ ಹಿಡಿದಿದೆಯಾ ಅಂತ ಕೇಳುತ್ತಾರೆ. ಮೈ ಸ್ವಲ್ಪ ತಣಿದ ಮೇಲೆಯೇ ನಡೆದದ್ದನ್ನು ಚೂರುಚೂರಾಗಿ ಮಾತಾಡಿಸುವುದು. ಇದಕ್ಕೆ ‘ಮೈ–ಮನಸ್ಸಿನ ಥೆರಪಿ’ ಅಂತ ಸುಮ್ನೆ ಬರೆದಿಟ್ಟಿದ್ದೇನೆ. ‘ಮನೋದೈಹಿಕ’ ನನಗೆ ಬೇಡ. ಅದು ಕಾಯಿಲೆಯ ಹೆಸರಿನ ಹಾಗೆ ಕೇಳುತ್ತದೆ.

ಇಎಂಡಿಆರ್ ಅನ್ನು ಹಾಗೇ ಉಳಿಸುತ್ತೇನೆ. ಕಹಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವ ವಿಧಾನ ಅದು. 1987ರಲ್ಲಿ ಅಮೆರಿಕದ ಫ್ರಾನ್ಸೀನ್ ಶಾಪಿರೋ ಶುರು ಮಾಡಿದ್ದು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. ಹೆಸರು ಅನುವಾದಿಸಿದರೆ ಯಾರೂ ಗೂಗಲ್‌ನಲ್ಲಿ ಹುಡುಕಲಾರರು.

ಇನ್ನು ‘ಫ್ಲ್ಯಾಶ್‌ಬ್ಯಾಕ್’. ಸಿನಿಮಾದಿಂದ ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಅದು ಬರೀ ಹಳೆ ಕತೆ. ಇಲ್ಲಿ ಎಲ್ಲ ಈಗಲೇ ನಡೆಯುತ್ತಿದೆ ಅನ್ನಿಸುವುದು ಮುಖ್ಯ. ‘ಮರುಕಳಿಕೆ’ ಅಂದರೆ ಜ್ವರ ಮತ್ತೆ ಬಂದ ಹಾಗೆ. ‘ನೆನಪು ನುಗ್ಗುವುದು’ ನಡೆಯುತ್ತದಾ? ಕುಂಬಳೆ, ಮಂಜೇಶ್ವರ, ಪೆರ್ಲ ಕಡೆಯವರು ಮನೆಯಲ್ಲಿ ಇದಕ್ಕೆ ಎಂತ ಹೇಳುತ್ತೀರಿ? ಸೋಮವಾರ ಅಚ್ಚಿಗೆ ಕೊಡಬೇಕು.