ಇಸ್ಲಾಂ ಪರಿಚಯ ಪತ್ರಿಕೆ: ಮನೆಯಲ್ಲಿ ಕಲಿತು ಬಂದವರಿಗೂ ಗೈಡ್ ಓದಿ ಬಂದವರಿಗೂ ಅಂಕ ಹೇಗೆ ಕೊಡುವುದು?

ತುಂಗಾತೀರ

ತೀರ್ಥಹಳ್ಳಿ ಕಡೆಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಮೊದಲ ವರ್ಷದವರಿಗೆ ಇಸ್ಲಾಂ ಪರಿಚಯದ ಐಚ್ಛಿಕ ಪತ್ರಿಕೆ ಕಲಿಸುತ್ತೇನೆ. ಅಡಿಕೆ ತೋಟದ ಮನೆಯವರು, ಪೇಟೆಯ ಉರ್ದು ಮಾತಿನ ಮನೆಯವರು, ಘಟ್ಟದ ಕೆಳಗಿನಿಂದ ಬಂದು ಇಲ್ಲಿ ನೆಲೆ ನಿಂತ ಬ್ಯಾರಿ ಕುಟುಂಬದವರು, ಎಲ್ಲರೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಆಂತರಿಕ ಮೌಲ್ಯಮಾಪನಕ್ಕೆ ಬರೆಸಿದ ಉತ್ತರಗಳು ಈಗ ನನ್ನ ಮೇಜಿನ ಮೇಲಿವೆ.

ಕುರಾನಿನ ಬಗ್ಗೆ ಒಬ್ಬ ಹುಡುಗಿ ಬರೆದಿದ್ದಾಳೆ: "ಅಲ್ಲಾಹನು ಜಿಬ್ರೀಲರ ಮೂಲಕ ನಮ್ಮ ಪ್ರವಾದಿಯವರಿಗೆ (ಸ) ಇಳಿಸಿಕೊಟ್ಟ ಗ್ರಂಥ." ಪಕ್ಕದ ಬೆಂಚಿನ ಹುಡುಗ: "ಮುಹಮ್ಮದರು ಬರೆದ ಗ್ರಂಥ, 114 ಅಧ್ಯಾಯಗಳಿವೆ." ಮೊದಲನೆಯದು ಭಕ್ತಿಯ ಮಾತು, ಪರೀಕ್ಷೆಯ ಉತ್ತರವಲ್ಲ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಹಾಗಾದರೆ ಎರಡನೆಯದು ಸರಿಯೇ? ಪ್ರವಾದಿಗಳಿಗೆ ಓದು ಬರಹ ಬರುತ್ತಿರಲಿಲ್ಲ ಎಂಬುದು ಮುಸ್ಲಿಂ ಪರಂಪರೆಯ ಮಾತು. 632ರಲ್ಲಿ ಅವರು ತೀರಿಕೊಂಡ ನಂತರ ಬರಹಗಳನ್ನೂ ಕಂಠಸ್ಥ ಪಾಠಗಳನ್ನೂ ಒಟ್ಟುಗೂಡಿಸಿದರು, ಮೂರನೆಯ ಖಲೀಫ ಉಸ್ಮಾನರ ಕಾಲದಲ್ಲಿ ಪಾಠ ಸ್ಥಿರವಾಯಿತು ಎಂದೂ ಅದೇ ಪರಂಪರೆ ಹೇಳುತ್ತದೆ. ಹುಡುಗನಿಗೆ ಇದಾವುದೂ ಗೊತ್ತಿಲ್ಲ, ಗೈಡಿನ ಸಾಲನ್ನು ಇಳಿಸಿದ್ದಾನೆ. ಇನ್ನೊಂದು ಉತ್ತರವಂತೂ ಮೊಬೈಲಿಗೆ ಬಂದ ದ್ವೇಷದ ಸಂದೇಶದ ನಕಲು.

ಇವರಿಗೆಲ್ಲ ಒಂದೇ ಅಳತೆಗೋಲು ಹಿಡಿಯುವುದು ಹೇಗೆ? ನಂಬಿಕೆಗೆ ಅಂಕ ಕೊಡಲಾರೆ, ನಂಬಿಕೆಗಾಗಿ ಅಂಕ ಕಳೆಯಲೂ ಆರೆ.

ಸಾಗರದ ಮೇಷ್ಟ್ರು

ಮೇಡಂ, ನಾನು ಇತಿಹಾಸ ಕಲಿಸಿ ನಿವೃತ್ತನಾದವನು. ಆ ಎರಡೂ ಉತ್ತರಗಳ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: "ಹೀಗೆಂದು ಯಾರು ಹೇಳುತ್ತಾರೆ?" ಹುಡುಗಿ "ಮುಸ್ಲಿಮರ ನಂಬಿಕೆಯಂತೆ" ಎಂದು ಸೇರಿಸಿದರೆ ಅವಳ ವಾಕ್ಯ ಪೂರ್ಣ ಅಂಕದ ಉತ್ತರ. ಹುಡುಗ ಯಾವ ಇತಿಹಾಸಕಾರರು ಏಕೆ ಹಾಗೆ ಹೇಳುತ್ತಾರೆಂದು ತೋರಿಸಿದರೆ ಅದೂ ಉತ್ತರವೇ. ಈಗಿರುವಂತೆ ಇಬ್ಬರದ್ದೂ ಅರ್ಧ. ಆ ಹುಡುಗಿಯ "(ಸ)" ಮೇಲೆ ಮಾತ್ರ ಕೆಂಪು ಶಾಯಿ ಹಾಕಬೇಡಿ. ಅದು ಅವಳ ಗೌರವದ ರೂಢಿ, ಜ್ಞಾನಕ್ಕೆ ಅದರಿಂದ ಕುಂದಿಲ್ಲ.

ದ್ವೇಷದ ನಕಲಿಗೆ ಸೊನ್ನೆ ಕೊಡಿ, ಆದರೆ ಆಧಾರವಿಲ್ಲದ್ದಕ್ಕೆ ಕೊಡಿ, ಕಾರಣವನ್ನು ಬರೆದೇ ಕೊಡಿ. ಅವನನ್ನು ಕರೆದು, ಆ ಸಂದೇಶದಲ್ಲಿರುವ ಒಂದು ಮಾತನ್ನು ಆರಿಸಿ ಅದರ ಮೂಲ ಹುಡುಕಿಕೊಂಡು ಬಾ ಎನ್ನಿ. ಸುಮ್ಮನೆ ಬೈದು ಕಳುಹಿಸಿದರೆ ಅವನು ಇನ್ನಷ್ಟು ಗಟ್ಟಿಯಾಗುತ್ತಾನೆ.

ಕೊಪ್ಪದವಳು

ನಾನು ಬ್ಯಾರಿ ಮನೆಯವಳು. ಪದವಿಯಲ್ಲಿ ಇಂಥದೇ ಪತ್ರಿಕೆ ಓದಿದ್ದೆ. ಐದು ಹೊತ್ತಿನ ನಮಾಜಿನ ವಿವರ ಕೇಳಿದ್ದರು. ವಸ್ತುವಿನ ನೆರಳು, ನಡುಮಧ್ಯಾಹ್ನದ ನೆರಳನ್ನು ಬಿಟ್ಟು, ಅದರ ಉದ್ದದಷ್ಟಾದಾಗ ಅಸರ್, ಅಂದರೆ ಮಧ್ಯಾಹ್ನದ ನಂತರದ ನಮಾಜಿನ ಹೊತ್ತು, ಶುರುವಾಗುತ್ತದೆ ಎಂದು ಬರೆದೆ. ತಪ್ಪು ಎಂದು ಗೆರೆ ಎಳೆದರು. ಮಾದರಿ ಉತ್ತರದಲ್ಲಿ ಎರಡು ಪಟ್ಟು ಎಂದಿತ್ತಂತೆ. ನಾವು ಶಾಫಿ ಮಝ್‌ಹಬ್‌ನವರು (ಮಝ್‌ಹಬ್ ಎಂದರೆ ಧರ್ಮಶಾಸ್ತ್ರದ ಪಂಥ), ನಮ್ಮಲ್ಲಿ ಒಂದು ಪಟ್ಟು. ಶಿವಮೊಗ್ಗದ ಉರ್ದು ಮಾತಿನ ಮನೆಗಳಲ್ಲಿ ಹೆಚ್ಚಿನವರು ಹನಫಿಗಳು, ಅವರಲ್ಲಿ ಎರಡು ಪಟ್ಟು ರೂಢಿ. ಎರಡೂ ಶತಮಾನಗಳಿಂದ ಬಂದ ಪಾಠ. ನನ್ನ ಅಜ್ಜಿ ಬದುಕಿಡೀ ಮಾಡಿದ್ದನ್ನು ಕಾಲೇಜು ತಪ್ಪು ಎಂದಾಗ ಆದ ಸಂಕಟ ಇಂದಿಗೂ ಹಾಗೆಯೇ ಇದೆ. ದಯವಿಟ್ಟು ಮಾದರಿ ಉತ್ತರವನ್ನು ಒಂದೇ ಮತಕ್ಕೆ ಕಟ್ಟಿ ಹಾಕಬೇಡಿ, ಮೇಡಂ.

ಹಾಗೆಂದು ಮುಸ್ಲಿಂ ಮಕ್ಕಳಿಗೆ ಸುಮ್ಮನೆ ಅಂಕ ಕೊಡುವುದನ್ನೂ ನಾನು ಒಪ್ಪುವುದಿಲ್ಲ. ನನ್ನ ಜೊತೆ ಓದಿದ ಮುಸ್ಲಿಂ ಹುಡುಗರಿಗೆ ಪ್ರವಾದಿಗಳ ಮೊಮ್ಮಗ ಹುಸೇನರು ಹತರಾದ 680ರ ಕರ್ಬಲಾ ಕದನ ಹೆಸರಿನಲ್ಲಿ ಮಾತ್ರ ಗೊತ್ತಿತ್ತು. ಶಿಯಾ ಸುನ್ನಿ ಭೇದ ಎಲ್ಲಿಂದ ಹುಟ್ಟಿತು ಎಂದರೆ ಉತ್ತರವಿರಲಿಲ್ಲ. ಹಳ್ಳಿಯ ಮೊಹರಂನಲ್ಲಿ ಪಂಜಾ ಹೊತ್ತವರ ಮನೆಯ ಹಿಂದೂ ಹುಡುಗನೊಬ್ಬ ಹುಸೇನರ ಕಥೆಯನ್ನು ಅವರಿಗಿಂತ ಚೆನ್ನಾಗಿ ಹೇಳಿದ್ದ.

ಸಾಗರದ ಮೇಷ್ಟ್ರು

ತಂಗಿ ಹೇಳಿದ್ದು ನನಗೆ ಹೊಳೆದಿರಲಿಲ್ಲ. ಅದಕ್ಕೇ ಹಣಗೆರೆಕಟ್ಟೆಗೆ ಮಕ್ಕಳನ್ನು ಕಳುಹಿಸಿ ವರದಿ ಬರೆಸಿ ಎನ್ನುತ್ತೇನೆ. ಒಂದೇ ಸೂರಿನಡಿ ದರ್ಗಾ ಮತ್ತು ದೇವಸ್ಥಾನ ಎರಡೂ ಇವೆ, ಎರಡೂ ಸಮುದಾಯದವರು ಹರಕೆ ಹೊತ್ತು ಬರುತ್ತಾರೆ. ಇದು ನಿಜವಾದ ಇಸ್ಲಾಂ ಹೌದೋ ಅಲ್ಲವೋ ಎಂದು ತೀರ್ಪು ಕೇಳಬೇಡಿ. ಯಾರು ಬಂದರು, ಏನು ಮಾಡಿದರು, ಏಕೆ ಮಾಡುತ್ತೇವೆ ಎಂದರು ಎಂಬಷ್ಟನ್ನೇ ಕೇಳಿ.

ಕೊಪ್ಪದವಳು

ಸರ್, ಹಣಗೆರೆಕಟ್ಟೆ ಒಳ್ಳೆಯದೇ. ಆದರೆ ದರ್ಗಾಕ್ಕೆ ಹೋಗುವುದು ಸರಿಯಲ್ಲ ಎನ್ನುವ ಮುಸ್ಲಿಂ ಮನೆಗಳೂ ಇವೆ. ಅಲ್ಲಿಂದ ಬಂದ ಮಗುವಿಗೆ ಬೇರೆ ಆಯ್ಕೆ ಇರಲಿ. ಆ ಮನೆಯವರ ಆಕ್ಷೇಪವನ್ನೇ ಕೇಳಿ ಬರೆದು ತಂದರೂ ಅದೇ ಅಂಕ ಸಿಗಬೇಕು.

ತುಂಗಾತೀರ

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಮೂರು ಉತ್ತರ ಪತ್ರಿಕೆಗಳ ಅಂಚಿನಲ್ಲೂ ಮೇಷ್ಟ್ರ ಪ್ರಶ್ನೆಯನ್ನು ಬರೆದು, ಮತ್ತೆ ಬರೆದು ಕೊಡಲು ಹಿಂದಿರುಗಿಸಿದ್ದೇನೆ. ಮಾದರಿ ಉತ್ತರದಲ್ಲಿ ಹನಫಿ, ಶಾಫಿ ಎರಡನ್ನೂ ಸೇರಿಸಿದೆ.

ಮುಂದಿನ ಕಿರುಪರೀಕ್ಷೆಗೆ "ಐದು ಸ್ತಂಭಗಳನ್ನು ವಿವರಿಸಿ" ಎಂಬ ಪ್ರಶ್ನೆ ಕೈಬಿಟ್ಟು ಇದನ್ನು ಕೊಡುತ್ತಿದ್ದೇನೆ: "ತೀರ್ಥಹಳ್ಳಿಯ ಮುಸ್ಲಿಂ ರೈತರೊಬ್ಬರಿಗೆ ಅಡಿಕೆ ತೋಟವಿದೆ. ಫಸಲಿನ ಮೇಲೆ ಝಕಾತ್ ಸಲ್ಲುತ್ತದೆಯೇ? ಯಾರ ಮತದಂತೆ, ಎಷ್ಟು?" ಝಕಾತ್ ಎಂದರೆ ಆ ಐದು ಸ್ತಂಭಗಳಲ್ಲೊಂದಾದ ಕಡ್ಡಾಯ ದಾನ. ಉಳಿತಾಯದ ಮೇಲೆ ಶೇಕಡಾ 2.5 ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಇಲ್ಲಿ ಅದೊಂದೇ ಸಾಲದು. ಮಳೆ ನೀರಿನ ಬೆಳೆಗೆ ಹತ್ತನೆಯ ಒಂದು ಪಾಲು, ಶ್ರಮಪಟ್ಟು ನೀರು ಹಾಯಿಸಿದ್ದಕ್ಕೆ ಇಪ್ಪತ್ತನೆಯ ಒಂದು ಪಾಲು. ಹನಫಿ ಪಂಥಕ್ಕೆ ಹೆಸರು ಕೊಟ್ಟ ಅಬು ಹನೀಫಾ ಅವರ ಮತದಂತೆ ನೆಲದ ಬೆಳೆ ಬಹುತೇಕ ಎಲ್ಲಕ್ಕೂ ಇದು ಅನ್ವಯ. ಶಾಫಿ ಮತದಲ್ಲಿ ಕೂಡಿಟ್ಟು ಉಣ್ಣುವ ಆಹಾರಕ್ಕೆ ಮಾತ್ರ, ಅಡಿಕೆ ಆ ಪಟ್ಟಿಯಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ಬಾನಿನ ನೀರು, ಬೇಸಿಗೆಯಲ್ಲಿ ಪಂಪಿನ ನೀರು ಕುಡಿಯುವ ನಮ್ಮ ತೋಟವನ್ನು ಎಲ್ಲಿಗೆ ಸೇರಿಸುತ್ತಾರೆ, ಏಕೆ ಎಂಬುದಕ್ಕೆ ಅರ್ಧದಷ್ಟು ಅಂಕಗಳು ಮೀಸಲು. ತೋಟದ ಮನೆಯ ಹುಡುಗರಿಗೆ ನೀರಿನ ಲೆಕ್ಕ ಗೊತ್ತು, ಮದರಸಾಕ್ಕೆ ಹೋದವರಿಗೆ ಝಕಾತಿನ ಲೆಕ್ಕ ಗೊತ್ತು. ಇಬ್ಬಿಬ್ಬರನ್ನು ಜೋಡಿ ಮಾಡಿ ಬರೆಸಬಹುದೇ, ಅಥವಾ ಒಬ್ಬೊಬ್ಬರೇ ಬರೆಯಬೇಕೇ? ಜೋಡಿಯಲ್ಲಿ ಬರೆಸಿದವರಿದ್ದರೆ ಅಂಕ ಹೇಗೆ ಹಂಚಿದಿರಿ ಎಂದು ತಿಳಿಸಿ.