ಬೀಜಗಣಿತಕ್ಕೆ ಆಡಿಯೋ ಪಾಠ ಸಾಕೇ? ಗಣಿತ ಪ್ರಾಧ್ಯಾಪಕಿಗೆ ಪ್ರಶ್ನೆಗಳು

ಹಾಸನದ ಪಾಲಕರು: ಮೇಡಂ, ಮಗ ಪದವಿಯ ಮೊದಲ ವರ್ಷ. ತರಗತಿ ದಂಡ, ಬೀಜಗಣಿತವನ್ನು ಬಸ್ಸಿನಲ್ಲೇ ಆಡಿಯೋ ಕೇಳಿ ಕಲಿಯುತ್ತೇನೆ ಎನ್ನುತ್ತಾನೆ.

ಮೇಡಂ: ಕೈಯಲ್ಲಿ ಪೆನ್ನು, ಮುಂದೆ ಹಾಳೆ ಇದ್ದರೆ ಕೇಳಲಿ. ಬಸ್ಸಿನಲ್ಲಿ ಬೇಡ.

ತುಮಕೂರಿನ ವಿದ್ಯಾರ್ಥಿನಿ: ನಾನು ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತೇನೆ, ಆದರೂ ತಪ್ಪುತ್ತದೆ. ‘ಎಕ್ಸ್ ಪ್ಲಸ್ ಮೂರರ ವರ್ಗ ಸಮ ಇಪ್ಪತ್ತೈದು’ ಎಂದರು. ನನಗೆ 16 ಬಂತು. ಉತ್ತರ 2 ಮತ್ತು −8 ಅಂತೆ.

ಮೇಡಂ: ನೀವು ಲೆಕ್ಕ ಸರಿಯಾಗಿಯೇ ಮಾಡಿದ್ದೀರಿ, ಬೇರೆ ಲೆಕ್ಕ ಮಾಡಿದ್ದೀರಿ. ಆವರಣ ಚಿಹ್ನೆ ಕಿವಿಗೆ ಬೀಳುವುದಿಲ್ಲ. ವರ್ಗ 3ಕ್ಕೆ ಮಾತ್ರ ಎಂದುಕೊಂಡರೆ 16. ಎಕ್ಸ್ ಕೂಡ ಆವರಣದೊಳಗಿದ್ದರೆ ಒಳಗಿನ ಮೊತ್ತ 5 ಅಥವಾ −5. ಆಗ 2 ಮತ್ತು −8. ಕರಿಹಲಗೆಯಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. 1961ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪೋಸ್ಟಲ್‌ತ್ವೇಟ್ ಎಂಬವರು ಸಸ್ಯಶಾಸ್ತ್ರಕ್ಕೆ ಟೇಪ್ ಪಾಠ ಶುರುಮಾಡಿದಾಗಲೂ ವಿದ್ಯಾರ್ಥಿಯ ಮೇಜಿನ ಮೇಲೆ ಗಿಡ, ಸೂಕ್ಷ್ಮದರ್ಶಕ, ಕೈಪಿಡಿ ಇರುತ್ತಿದ್ದವು. ಧ್ವನಿ ದಾರಿ ತೋರಿಸುತ್ತಿತ್ತು, ಅಷ್ಟೇ. ಬೀಜಗಣಿತದಲ್ಲಿ ಆ ಗಿಡದ ಜಾಗಕ್ಕೆ ಮುದ್ರಿತ ಸಮೀಕರಣ ಬೇಕು. ಅದನ್ನು ಎದುರಿಗಿಟ್ಟುಕೊಳ್ಳಿ. ಧ್ವನಿ ಮುಂದಿನ ಹಂತ ಹೇಳುವ ಮೊದಲೇ ನಿಲ್ಲಿಸಿ, ನೀವೇ ಬರೆದು, ಆಮೇಲೆ ಕೇಳಿ. ಮೂರನೇ ಸಲವೂ ತಪ್ಪಿದರೆ ಹಾಳೆಯ ಚಿತ್ರ ಕಳುಹಿಸಿ, ನೋಡುತ್ತೇನೆ.

ಮೈಸೂರಿನ ಸದಸ್ಯರು: ಬಂದ ಸಂದೇಶ: ಮಲಗುವಾಗ ಸೂತ್ರಗಳ ಆಡಿಯೋ ಹಚ್ಚಿಡಿ, ಮೆದುಳು ತಾನೇ ಕಲಿಯುತ್ತದೆ.

ಮೇಡಂ: ನಿದ್ದೆ ಕೆಡುತ್ತದೆ, ಬೀಜಗಣಿತ ಬರುವುದಿಲ್ಲ. ಪರೀಕ್ಷೆ ಹತ್ತಿರವಿರುವಾಗ ಮಕ್ಕಳಿಗೆ ಇಂಥದ್ದನ್ನು ಹಂಚಬೇಡಿ.

ದಾವಣಗೆರೆಯ ವಿದ್ಯಾರ್ಥಿ: ತರಗತಿಯಲ್ಲಿ ನೋಟ್ಸ್ ಓದಿ ಹೇಳುತ್ತಾರೆ. ಅದೂ ಆಡಿಯೋ ತಾನೇ? ನಿಲ್ಲಿಸುವ ಗುಂಡಿಯೊಂದಿಲ್ಲ.

ಬೆಳಗಾವಿಯ ಉಪನ್ಯಾಸಕರು: ಕೈ ಎತ್ತಿ. ಮೊಬೈಲ್ ಹಿಡಿದ ಕೈಗೆ ಬಿಡುವಿದ್ದರೆ.

ದಾವಣಗೆರೆಯ ವಿದ್ಯಾರ್ಥಿ: ಎತ್ತಿದವನಿಗೆ ‘ಇಷ್ಟೂ ಗೊತ್ತಿಲ್ಲವೇ’ ಎನ್ನುವವರು ಯಾರು ಸ್ವಾಮಿ? ತಮ್ಮ ವೇಗದಲ್ಲಿ ಕಲಿತವರಿಗೇ ಅಂಕ ಜಾಸ್ತಿ.

ರಾಯಚೂರಿನ ಸದಸ್ಯೆ: ತಂಗಿಗೆ ದೃಷ್ಟಿ ಮಂದ. ಅವಳಿಗೆ ಆಡಿಯೋ ಪಾಠ ಹೇಗಿರಬೇಕು, ಮೇಡಂ?

ಬೆಳಗಾವಿಯ ಉಪನ್ಯಾಸಕರು: ಅಂಕ ಜಾಸ್ತಿ ಎಂದು ನಿಮಗೆ ಹೇಳಿದವರು ಯಾರು? ಆಡಿಯೋ ಮಾರುವವರೇ?

ಮೇಡಂ: ಇಬ್ಬರೂ ಸುಮ್ಮನಿರಿ. ಮಧ್ಯದಲ್ಲಿ ಬಿಟ್ಟವರನ್ನು ತೆಗೆದುಹಾಕಿ ಉಳಿದವರ ಸರಾಸರಿ ತೋರಿಸಿದರೆ ಯಾವ ವಿಧಾನವೂ ಚೆನ್ನಾಗಿಯೇ ಕಾಣುತ್ತದೆ. ನಾಳೆ ನೋಡೋಣ ಎಂದು ಮುಂದೂಡುವುದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯ ಹಳೆಯ ರೋಗ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆಲ್ಲರ್ 1968ರಲ್ಲಿ ವಿವರಿಸಿದ ಸ್ವಂತ ವೇಗದ ಪದ್ಧತಿಯಲ್ಲಿ ಒಂದು ಘಟಕದ ಪರೀಕ್ಷೆ ಪಾಸಾಗದೆ ಮುಂದಿನದು ಸಿಗುತ್ತಿರಲಿಲ್ಲ. ನಿಮ್ಮ ಆಡಿಯೋ ಹಾಗೆ ತಡೆದು ನಿಲ್ಲಿಸುತ್ತದೆಯೇ?

ಕೋಲಾರದ ಪಾಲಕರು: ಮೇಡಂ, ಬಸ್ಸಿನಲ್ಲಿ ಕೇಳಿದರೆ ಆಗುತ್ತದೆಯೇ?

ಮೇಡಂ: ಮೇಲೆ ಓದಿ.

ಮೈಸೂರಿನ ಸದಸ್ಯರು: ಎರಡರಷ್ಟು ವೇಗದಲ್ಲಿ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂದು ಇನ್ನೊಂದು ಬಂದಿದೆ.

ಮೇಡಂ: ಅಳಿಸಿ.